ಗಂಟು ಕಟ್ಟದ ಬೇರು: ದ್ವಿದಳ ಬೆಳೆಗೆ ನಾವು ಕೊಡುವುದು, ಕೊಡದೆ ಬಿಡುವುದು

ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಸಾಕು ಎಂದು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಎಕರೆ ಲೆಕ್ಕಕ್ಕೆ ಇಳಿಸಿದರೆ ಸಾರಜನಕ 10 ಕಿಲೋ, ರಂಜಕ 20 ಕಿಲೋ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕಿದ ಹೊಲಕ್ಕೆ 9 ಕಿಲೋ ಸಾರಜನಕ, 23 ಕಿಲೋ ರಂಜಕ ಬಿದ್ದಾಯಿತು. ಶಿಫಾರಸು ಅಲ್ಲಿಗೇ ತುಂಬಿತು. ಆದರೂ ಎಡೆ ಹೊಡೆದು ಒಂದು ಹದಮಳೆ ಬಂದ ಮೇಲೆ ಯೂರಿಯಾ ಎರಚುವ ರೂಢಿ ಹಲವು ಕಡೆ ಇದೆ. 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು 20 ಕಿಲೋಗೂ ಮೀರಿದ ಸಾರಜನಕ. ಅಲ್ಲಿಗೆ ಬೆಳೆಗೆ ಸಿಕ್ಕಿದ್ದು ಬೇಕಾದುದರ ಮೂರು ಪಟ್ಟು. ಎಲೆ ಕಡುಹಸಿರಿಗೆ ತಿರುಗುತ್ತದೆ, ಗಿಡ ಸೊಕ್ಕಿ ಬೆಳೆಯುತ್ತದೆ, ನೋಡಿದವರು ಹೊಗಳುತ್ತಾರೆ. ಆ ಹೊತ್ತಿನಲ್ಲಿ ನಾಲ್ಕು ಗಿಡವನ್ನು ಮಣ್ಣುಹೆಂಟೆಯ ಸಮೇತ ಅಗೆದು ಬೇರು ತೊಳೆದು ನೋಡುವವರು ಮಾತ್ರ ಅಪರೂಪ. ನೋಡಿದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಗಂಟುಗಳು ಬೆರಳೆಣಿಕೆಯಷ್ಟು. ಉಗುರಿನಿಂದ ಸೀಳಿದರೆ ಒಳಗೆ ಇರಬೇಕಾದ ನಸುಗೆಂಪು ಇಲ್ಲ, ಬಿಳಿಚಿಕೊಂಡಿರುತ್ತವೆ ಇಲ್ಲವೆ ಹಸಿರಾಗಿರುತ್ತವೆ.

ಇದರಿಂದ ಯೂರಿಯಾ ಕೆಟ್ಟದ್ದು ಎಂಬ ಸುಲಭದ ತೀರ್ಮಾನಕ್ಕೆ ಜಿಗಿಯಬಾರದು. ಸುಮಾರು ನೂರನಲವತ್ತು ವರ್ಷಗಳಿಂದ ನಡೆದುಬಂದ ಸಂಶೋಧನೆ ಹೇಳುವ ಮಾತು ಇನ್ನೂ ಸ್ವಾರಸ್ಯವಾಗಿದೆ. ದ್ವಿದಳ ಗಿಡ ಬೇರಿನಲ್ಲಿ ಗಂಟು ಕಟ್ಟಿ ಅದನ್ನು ದುಡಿಸಬೇಕಾದರೆ ಮಣ್ಣಿನಲ್ಲಿ ಸಾರಜನಕ ಒಂದರ ಕೊರತೆ ಇರಬೇಕು. ಉಳಿದ ಯಾವುದರ ಕೊರತೆಯೂ ಇರಬಾರದು. ನಮ್ಮ ಗೊಬ್ಬರದ ಪದ್ಧತಿ ಇದಕ್ಕೆ ತದ್ವಿರುದ್ಧವಾಗಿ ನಿಂತಿದೆ. ಸಾರಜನಕವನ್ನು ಕೈಬಿಚ್ಚಿ ಕೊಡುತ್ತೇವೆ. ಗಂಧಕ, ಸುಣ್ಣ, ಮಾಲಿಬ್ಡಿನಂ, ಕಬ್ಬಿಣ, ಬೋರಾನುಗಳನ್ನು ಮರೆಯುತ್ತೇವೆ.

1886ರಲ್ಲಿ ಜರ್ಮನಿಯ ಹೆಲ್ರೀಗಲ್ ತಮ್ಮ ಸಹೋದ್ಯೋಗಿ ವಿಲ್ಫಾರ್ತ್ ಜೊತೆ ಮಾಡಿದ ಪ್ರಯೋಗಗಳನ್ನು ಬರ್ಲಿನ್ನಿನ ಸಭೆಯೊಂದರಲ್ಲಿ ಮುಂದಿಟ್ಟಾಗಲೇ ಈ ಮಾತಿನ ಬೀಜ ಬಿದ್ದಿತ್ತು. ಮರಳಿನ ಕುಂಡದಲ್ಲಿ ಬೆಳೆಸಿದ ಓಟ್ಸ್ ಗಿಡ, ಎಷ್ಟು ನೈಟ್ರೇಟ್ ಕೊಟ್ಟರೋ ಅಷ್ಟೇ ಬೆಳೆಯಿತು. ಬಟಾಣಿ ಆ ಲೆಕ್ಕಕ್ಕೆ ಸಿಗಲಿಲ್ಲ. ನೈಟ್ರೇಟ್ ಇಲ್ಲದ ಮರಳಿನಲ್ಲೂ, ಹೊಲದ ಮಣ್ಣಿನ ಕದಡನ್ನು ಒಂದಿಷ್ಟು ಸುರಿದರೆ, ಕೆಲವು ದಿನ ಸೊರಗಿ ಹಳದಿಯಾಗಿ ಆಮೇಲೆ ಚೇತರಿಸಿಕೊಂಡು ಬೆಳೆಯಿತು. ಬೇರಿನಲ್ಲಿ ಗಂಟು ಕಟ್ಟಿತ್ತು. ಮರಳನ್ನೂ ಕದಡನ್ನೂ ಕಾಯಿಸಿ ಜೀವಾಣು ಕೊಂದರೆ ಗಂಟಿಲ್ಲ, ಚೇತರಿಕೆಯೂ ಇಲ್ಲ. ಎರಡು ವರ್ಷದ ನಂತರ ಹಾಲೆಂಡಿನ ಬೈಜರಿಂಕ್ ಆ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದರು. ಇಂದು ನಾವು ರೈಜೋಬಿಯಂ ಎನ್ನುವ ಬಳಗ ಅದು. ಬಟಾಣಿ ಸೊರಗಿದ ಆ ಕೆಲವು ದಿನಗಳಿಗೆ 'ಸಾರಜನಕದ ಹಸಿವಿನ ಕಾಲ' ಎಂಬ ಹೆಸರು ಬಿತ್ತು. ಬಿತ್ತನೆಯ ಜೊತೆ ಒಂದಿಷ್ಟು ಸಾರಜನಕ ಕೊಡಬೇಕೋ ಬೇಡವೋ ಎಂಬ ಇಂದಿನ ಚರ್ಚೆಯೆಲ್ಲ ಈ ಹಸಿವಿನ ಸುತ್ತಲೇ ತಿರುಗುತ್ತಿದೆ.

ಗಂಟು ಗಿಡಕ್ಕೆ ಪುಕ್ಕಟೆ ಬರುವುದಿಲ್ಲ. ಗಾಳಿಯ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಒಂದು ಅಣುವನ್ನು ಬಿಡಿಸಿ ಅಮೋನಿಯಾ ಮಾಡಲು ನೈಟ್ರೋಜಿನೇಸ್ ಎಂಬ ಕಿಣ್ವ ಜೀವಕೋಶದ ಶಕ್ತಿನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳನ್ನು ಖರ್ಚು ಮಾಡುತ್ತದೆ. ಆ ಶಕ್ತಿಯೆಲ್ಲ ಎಲೆ ತಯಾರಿಸಿದ ಸಕ್ಕರೆಯಿಂದ ಬರಬೇಕು. ಇನ್ನೊಂದು ತೊಡಕೂ ಇದೆ. ಆಮ್ಲಜನಕ ತಾಗಿದರೆ ಈ ಕಿಣ್ವ ಕೆಡುತ್ತದೆ, ಆದರೆ ಒಳಗಿರುವ ಜೀವಾಣುವಿಗೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ನಿಭಾಯಿಸುವುದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್. ದುಡಿಯುವ ಗಂಟಿನ ಕೆಂಪು ಅದರದ್ದೇ. ಮನೆಬಾಗಿಲಿಗೆ ಹಾಲು ಬಂದು ಬೀಳುತ್ತಿದ್ದರೆ ಹಸು ಕಟ್ಟಿ ಮೇವು ಹೊರುವವರು ಯಾರು? ಮಣ್ಣಿನಲ್ಲಿ ನೈಟ್ರೇಟ್ ಸಿಗುವಾಗ ಗಿಡ ಮಾಡುವ ಲೆಕ್ಕವೂ ಅದೇ.

ನೈಟ್ರೇಟ್ ಈ ಸಂಬಂಧವನ್ನು ಒಂದೇ ಕಡೆ ಕಡಿಯುವುದಿಲ್ಲ. ಮೊದಲು, ಜೀವಾಣುವನ್ನು ಕರೆಯಲು ಬೇರು ಸುರಿಸುವ ಫ್ಲೇವನಾಯ್ಡ್‌ಗಳು ಕಡಿಮೆಯಾಗುತ್ತವೆ. ಬೇರುಗೂದಲು ಸುರುಳಿಯಾಗಿ ಜೀವಾಣುವನ್ನು ಒಳಗೆ ತೆಗೆದುಕೊಳ್ಳುವುದು ಕುಗ್ಗುತ್ತದೆ. ಒಳಬಂದ ಜೀವಾಣು ಗಂಟಾಗುವ ಮೊದಲೇ ತಡೆ ಬೀಳುತ್ತದೆ. ಈಗಾಗಲೇ ಕಟ್ಟಿದ ಗಂಟಿಗೆ ನೈಟ್ರೇಟ್ ತಲುಪಿದರೆ ಒಂದೆರಡು ದಿನಗಳಲ್ಲೇ ಅದರ ದುಡಿಮೆ ಇಳಿಯುತ್ತದೆ. ಸಕ್ಕರೆ ಗಂಟಿಗೆ ಹೋಗದೆ ಬೇರಿನ ಬೆಳವಣಿಗೆಗೆ ತಿರುಗುತ್ತದೆ, ಗಂಟಿನೊಳಗೆ ಆಮ್ಲಜನಕ ನುಸುಳುವ ದಾರಿ ಬಿಗಿಯಾಗುತ್ತದೆ. ಈ ಹಂತದಲ್ಲಿ ನೈಟ್ರೇಟ್ ತೀರಿದರೆ ಗಂಟು ಮತ್ತೆ ಎಚ್ಚರಗೊಳ್ಳುತ್ತದೆ. ವಾರಗಟ್ಟಲೆ ಹಾಗೇ ಉಳಿದರೆ ಅಕಾಲದಲ್ಲಿ ಮುಪ್ಪಾಗಿ ಕೊಳೆಯುತ್ತದೆ. ಗಂಟಿನ ಒಳಗಿನ ಹಸಿರು, ಲೆಗ್‌ಹಿಮೋಗ್ಲೋಬಿನ್ ಒಡೆದುಹೋದ ಗುರುತು.

ಈ ತಡೆಯ ಒಳಯಂತ್ರ ನಮಗೆ ಬಿಡಿಬಿಡಿಯಾಗಿ ತಿಳಿಯುತ್ತ ಬಂದಿದೆ. 1985ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಗ್ರೆಷಾಫ್ ತಂಡ ಸೋಯಾ ಅವರೆಯಲ್ಲಿ ಒಂದು ರೂಪಾಂತರಿಯನ್ನು ಕಂಡುಹಿಡಿಯಿತು. ನೈಟ್ರೇಟ್ ಇದ್ದರೂ ಅದು ಬೇರಿನ ತುಂಬ ಗಂಟು ಕಟ್ಟುತ್ತಿತ್ತು. ಗಂಟು ಎಷ್ಟಿರಬೇಕು ಎಂದು ತೀರ್ಮಾನಿಸುವುದು ಎಲೆ ಎಂಬುದು ಅದರಿಂದ ಸ್ಪಷ್ಟವಾಯಿತು: ಬೇರು ಮೇಲಕ್ಕೆ ಸಣ್ಣ ಪೆಪ್ಟೈಡ್‌ಗಳ ಸುದ್ದಿ ಕಳಿಸುತ್ತದೆ, ಎಲೆಯಲ್ಲಿರುವ ಗ್ರಾಹಕ ಪ್ರೋಟೀನು ಅದನ್ನು ಓದಿ 'ಸಾಕು' ಎಂದು ಕೆಳಗೆ ಹೇಳಿಕಳಿಸುತ್ತದೆ. ಆ ರೂಪಾಂತರಿಯಲ್ಲಿ ಕೆಟ್ಟಿದ್ದು ಆ ಗ್ರಾಹಕ. ಬೇಕಾದಷ್ಟು ಗಂಟು ಇದ್ದ ಮೇಲೆ ಇಳುವರಿ ಹೆಚ್ಚಬೇಕಿತ್ತಲ್ಲವೆ? ಹೆಚ್ಚಲಿಲ್ಲ. ಇಂಥ ತಳಿಗಳ ಇಳುವರಿ ಸಾಮಾನ್ಯವಾಗಿ ಮೂಲ ತಳಿಗಿಂತ ಕಡಿಮೆಯೇ ಆಯಿತು; ಸಕ್ಕರೆಯನ್ನೆಲ್ಲ ಗಂಟುಗಳೇ ತಿಂದವು. 2024ರಲ್ಲಿ ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಕೊಂಡಿ ಕೂಡಿಸಿದರು. ಗಂಟಿನ ಜೀವಕೋಶದಲ್ಲಿ ಸತು ಸಾಕಷ್ಟಿರುವಾಗ 'ಫನ್' ಎಂಬ ಪ್ರೋಟೀನು ಎಳೆಎಳೆಯಾಗಿ ಕೂಡಿಕೊಂಡು ನಿಷ್ಕ್ರಿಯವಾಗಿರುತ್ತದೆ. ನೈಟ್ರೇಟ್ ಬಂದು ಸತುವಿನ ಮಟ್ಟ ಇಳಿದಾಗ ಬಿಡುಗಡೆಗೊಂಡು ಗಂಟನ್ನು ಕಳಚುವ ಕೆಲಸ ಶುರುಮಾಡುತ್ತದೆ. ಆ ಪ್ರೋಟೀನಿನ ವಂಶವಾಹಿ ಇಲ್ಲದ ಗಿಡಗಳ ಗಂಟುಗಳು ನೈಟ್ರೇಟ್ ಇದ್ದರೂ ದುಡಿದವು. ಇದು ಹೊಲಕ್ಕೆ ಬರಲು ಇನ್ನೂ ಬಹಳ ದಾರಿಯಿದೆ.

ಹೊಲದ ಪ್ರಯೋಗಗಳಿಗೆ ಬಂದರೆ ಚಿತ್ರ ಇಷ್ಟು ಒಮ್ಮುಖವಾಗಿಲ್ಲ. ಸೋಯಾ ಅವರೆಯ ಬಗ್ಗೆ 1966ರಿಂದ 2006ರವರೆಗೆ ಪ್ರಕಟವಾದ ಅಧ್ಯಯನಗಳನ್ನು ಸಾಲ್ವಾಜಿಯೋಟಿ ಮತ್ತು ಸಂಗಡಿಗರು 2008ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಬೆಳೆಗೆ ಬೇಕಾದ ಸಾರಜನಕದಲ್ಲಿ ಸರಾಸರಿ ಶೇ. 50ರಿಂದ 60ರಷ್ಟು ಗಂಟಿನಿಂದ ಬರುತ್ತದೆ. ಮೇಲ್ಮಣ್ಣಿಗೆ ಹಾಕಿದ ಸಾರಜನಕ ಏರಿದಂತೆ ಗಂಟಿನ ಪಾಲು ಮೊದಲು ಕಡಿದಾಗಿ, ಆಮೇಲೆ ನಿಧಾನವಾಗಿ ಕುಸಿಯುತ್ತದೆ. ಅಂದರೆ ಮೊದಲ ಕೆಲವು ಕಿಲೋಗಳೇ ಹೆಚ್ಚು ಹೊಡೆತ ಕೊಡುತ್ತವೆ. ಆದರೆ ಸೋಯಾಕ್ಕೆ ಒಂದು ಟನ್ ಕಾಳಿಗೆ ಸುಮಾರು 80 ಕಿಲೋ ಸಾರಜನಕ ಬೇಕು. ಇಳುವರಿ ಬಹಳ ಹೆಚ್ಚಿದ್ದಾಗ ಗಂಟು ಮತ್ತು ಮಣ್ಣು ಎರಡೂ ಸೇರಿ ಪೂರೈಸಲು ತಿಣುಕುತ್ತವೆ. ಅಲ್ಲಿ ಹೊರಗಿನಿಂದ ಕೊಡುವ ಸಾರಜನಕಕ್ಕೆ ಜಾಗ ಇದೆ.

ಎಲ್ಲಿ, ಯಾವಾಗ, ಯಾವ ರೂಪದಲ್ಲಿ ಕೊಡುತ್ತೇವೆ ಎಂಬುದೇ ಆಮೇಲಿನ ಪ್ರಶ್ನೆ. ನೈಟ್ರೇಟಿನಷ್ಟು ಅಮೋನಿಯಂ ಗಂಟನ್ನು ತಡೆಯುವುದಿಲ್ಲ. ಆದರೆ ನಮ್ಮ ಬೆಚ್ಚಗಿನ ಮಣ್ಣಿನಲ್ಲಿ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ, ನಂತರದ ವಾರಗಳಲ್ಲಿ ನೈಟ್ರೇಟೇ ಆಗುತ್ತದೆ. ನೈಟ್ರೇಟಿನ ತಡೆ ಬಹುಮಟ್ಟಿಗೆ ಅದು ಮುಟ್ಟಿದ ಬೇರಿಗೆ ಸೀಮಿತ ಎಂದು ಬೇರನ್ನು ಎರಡು ಪಾಲಾಗಿ ಸೀಳಿ ಬೇರೆಬೇರೆ ಕುಂಡಗಳಲ್ಲಿ ಬೆಳೆಸಿದ ಪ್ರಯೋಗಗಳು ತೋರಿಸಿವೆ. ಈ ತಿಳಿವನ್ನೇ ಹಿಡಿದು ಜಪಾನಿನ ನೀಗಾಟಾದಲ್ಲಿ ತಕುಜಿ ಓಯಾಮಾ ಮತ್ತು ಸಂಗಡಿಗರು ನಿಧಾನವಾಗಿ ಕರಗುವ ಲೇಪಿತ ಯೂರಿಯಾವನ್ನು ಸೋಯಾ ಸಾಲಿನ ಕೆಳಗೆ 20 ಸೆಂ.ಮೀ. ಆಳದಲ್ಲಿ ಇಟ್ಟರು. ಮೇಲಿನ ಬೇರಿನ ಗಂಟು ಕೆಡಲಿಲ್ಲ, ಕಾಳು ತುಂಬುವ ಹೊತ್ತಿಗೆ ಆಳದ ಸಾರಜನಕವೂ ಸಿಕ್ಕಿತು, ಇಳುವರಿ ಏರಿತು. ಆ ಯಂತ್ರ, ಆ ಗೊಬ್ಬರ ನಮ್ಮ ಒಣಭೂಮಿಯ ರೈತನ ಕೈಗೆ ಎಟಕುವುದಿಲ್ಲ. ನಮ್ಮಲ್ಲಿ ಅದೇ ಉದ್ದೇಶಕ್ಕೆ ಎಲೆಯ ದಾರಿ ಹಿಡಿಯಲಾಗಿದೆ: ಕಾಯಿ ತುಂಬುವಾಗ ಗಂಟುಗಳು ತಾವಾಗಿಯೇ ಸೊರಗುತ್ತವೆ, ಆ ಹೊತ್ತಿಗೆ ಪೋಷಕಾಂಶವನ್ನು ಸಿಂಪಡಿಸುವುದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ 'ಪಲ್ಸ್ ಮ್ಯಾಜಿಕ್' ಹೂವು, ಕಾಯಿಯ ಹಂತದಲ್ಲಿ ಸಿಂಪಡಿಸಲೆಂದೇ ಮಾಡಿದ್ದು. ಮಣ್ಣಿಗೆ ಎರಚುವ ಯೂರಿಯಾಕ್ಕಿಂತ ಇದು ಗಂಟಿನ ಮಟ್ಟಿಗೆ ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ.

ಬಿತ್ತನೆಯ ಹೊತ್ತಿನ 'ಆರಂಭದ ಸಾರಜನಕ'ದ ಬಗ್ಗೆ ಪ್ರಯೋಗಗಳ ಫಲಿತಾಂಶ ಚದುರಿದೆ, ಹಾಗೆ ಚದುರಿರುವುದಕ್ಕೆ ಕಾರಣವೂ ಇದೆ. ಸಾವಯವ ಅಂಶ ತೀರ ಕಡಿಮೆ ಇರುವ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ, ಚಳ್ಳಕೆರೆ ಪಾವಗಡದ ಕಡೆಯ ಶೇಂಗಾ ಹೊಲಗಳಂಥಲ್ಲಿ, 10ರಿಂದ 25 ಕಿಲೋ ಸಾರಜನಕ ಹಸಿವಿನ ಕಾಲವನ್ನು ದಾಟಿಸುತ್ತದೆ. ಗಿಡದ ಎಲೆ ಬೇಗ ಹರಡಿ, ಮುಂದೆ ಗಂಟಿಗೆ ಬೇಕಾದ ಸಕ್ಕರೆಯೂ ಸಿಗುತ್ತದೆ. ಮುಂಗಾರಿನಲ್ಲಿ ಬೀಳುಬಿಟ್ಟು ಹಿಂಗಾರಿಗೆ ಕಡಲೆ ಬಿತ್ತುವ ಎರೆಭೂಮಿಯ ಲೆಕ್ಕ ಬೇರೆ. ಬೀಳು ಬಿಟ್ಟ ತಿಂಗಳುಗಳಲ್ಲಿ ಮಣ್ಣಿನ ಸಾವಯವ ಸಾರಜನಕ ಕರಗಿ ನೈಟ್ರೇಟಾಗಿ ಕೂಡಿಕೊಂಡಿರುತ್ತದೆ. ಆ ಕಡಲೆಗೆ ಮೇಲಿಂದ ಮತ್ತೆ ಸಾರಜನಕ ಕೊಟ್ಟರೆ ಗಂಟು ಕಟ್ಟುವ ಗರಜೇ ಅದಕ್ಕೆ ಉಳಿಯುವುದಿಲ್ಲ. ಹುರುಳಿಕಾಯಿ, ಅಂದರೆ ಪೇಟೆಯವರ ಬೀನ್ಸ್, ಇವೆಲ್ಲಕ್ಕೂ ಅಪವಾದ. ಅದು ಸ್ವಭಾವತಃ ಬಡ ಗಂಟುಗಾರ. ಅದರ ಶಿಫಾರಸಿನಲ್ಲಿ ಸಾರಜನಕ ಹೆಚ್ಚಿರುವುದು ಸರಿಯೇ. ಬೀನ್ಸಿಗೆ ಕೊಟ್ಟ ರೂಢಿಯನ್ನು ಅಲಸಂದೆಗೂ ಅವರೆಗೂ ಒಯ್ಯುವುದು ತಪ್ಪು.

ಇನ್ನು ಸಾರಜನಕವಲ್ಲದವುಗಳ ಕಡೆ. ರಂಜಕದ ವಿಷಯದಲ್ಲಿ ವಿವಾದವಿಲ್ಲ: ಗಂಟಿಗೆ ಎಟಿಪಿ ಬೇಕು, ಎಟಿಪಿಗೆ ರಂಜಕ ಬೇಕು, ಕೊರತೆಯ ಮಣ್ಣಿನಲ್ಲಿ ರಂಜಕ ಕೊಟ್ಟಾಗ ಗಂಟಿನ ತೂಕ ಏರುತ್ತದೆ. ಪ್ರಶ್ನೆ ಇರುವುದು ರಂಜಕ ಯಾವ ಚೀಲದಲ್ಲಿ ಬರುತ್ತದೆ ಎಂಬುದರಲ್ಲಿ. ಡಿಎಪಿಯಲ್ಲಿ ಗಂಧಕವಿಲ್ಲ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಶೇ. 16 ರಂಜಕದ ಜೊತೆ ಸುಮಾರು ಶೇ. 11 ಗಂಧಕ, ಮೇಲೆ ಸುಣ್ಣದಂಶ ಇದೆ. ನೈಟ್ರೋಜಿನೇಸ್ ಕಿಣ್ವದ ಹೃದಯದಲ್ಲಿರುವುದೇ ಕಬ್ಬಿಣ ಮತ್ತು ಗಂಧಕದ ಗೊಂಚಲು. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಕರ್ನಾಟಕ ಸರ್ಕಾರ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣುಪರೀಕ್ಷೆಗಳಲ್ಲಿ ನಮ್ಮ ಒಣಭೂಮಿಯಲ್ಲಿ ಗಂಧಕ, ಸತು, ಬೋರಾನುಗಳ ಕೊರತೆ ವ್ಯಾಪಕವಾಗಿ ಕಂಡಿತು. ಹಾಗಿರುವಾಗ ದ್ವಿದಳಕ್ಕೆ ಸೂಪರ್ ಫಾಸ್ಫೇಟ್ ಯೋಗ್ಯ ಗೊಬ್ಬರ. ಆದರೆ ಎಕರೆಗೆ 20 ಕಿಲೋ ರಂಜಕಕ್ಕೆ ಒಂದು ಚೀಲ ಡಿಎಪಿಯೂ ಬೇಕಾಗುವುದಿಲ್ಲ, ಸೂಪರ್ ಫಾಸ್ಫೇಟಾದರೆ ಎರಡೂವರೆ ಚೀಲ ಹೊರಬೇಕು. ಹೊರುವ ಕೂಲಿ, ಗಾಡಿ ಬಾಡಿಗೆ ಲೆಕ್ಕ ಹಾಕುವ ರೈತ ಡಿಎಪಿ ಒಯ್ಯುವುದರಲ್ಲಿ ಅಚ್ಚರಿಯಿಲ್ಲ.

ಶೇಂಗಾಕ್ಕೆ ಹೂವು ಇಳಿಯುವ ಹೊತ್ತಿಗೆ ಜಿಪ್ಸಂ ಕೊಡುವುದು ನಮ್ಮಲ್ಲಿ ಗೊತ್ತಿರುವ ಪದ್ಧತಿ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲ ಮಣ್ಣಿನಿಂದ ತಾನೇ ಹೀರುತ್ತದೆಯಾದ್ದರಿಂದ ಜಿಪ್ಸಮ್ಮಿನ ಮೊದಲ ಉಪಕಾರ ಕಾಯಿಗೆ; ಗಂಧಕದ ಮೂಲಕ ಗಂಟಿಗೂ ಸಲ್ಲುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಕರಲು ಭೂಮಿಯಲ್ಲಿ ಜಿಪ್ಸಂ ಸೋಡಿಯಂ ಹೊರದೂಡಿ ಮಣ್ಣಿಗೆ ಉಸಿರು ಕೊಡುತ್ತದೆ. ಅಲ್ಲಿ ಗಂಟು ಕಟ್ಟದಿರುವುದಕ್ಕೆ ಜೀವಾಣುವನ್ನು ದೂರುವ ಹಾಗಿಲ್ಲ. ರೈಜೋಬಿಯಂ ಗಿಡಕ್ಕಿಂತ ಹೆಚ್ಚು ಉಪ್ಪು ತಾಳುತ್ತದೆ, ಸೋಲುವುದು ಗಿಡದ ಬೇರು.

ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗ ದಕ್ಷಿಣ ಆಸ್ಟ್ರೇಲಿಯಾದ ಮೆಡೋಸ್ ಎಂಬ ಊರಿನದು. ಅಲ್ಲಿನ ಕಬ್ಬಿಣಕಲ್ಲಿನ ಹುಳಿಮಣ್ಣಿನಲ್ಲಿ ಕ್ಲೋವರ್ ಎಂಬ ಮೇವಿನ ದ್ವಿದಳ ಸೂಪರ್ ಫಾಸ್ಫೇಟ್ ಕೊಟ್ಟರೂ ಏಳುತ್ತಿರಲಿಲ್ಲ. ಕಟ್ಟಿಗೆಬೂದಿ ಹಾಕಿದಲ್ಲಿ ಮಾತ್ರ ಸೊಂಪಾಗಿ ಬೆಳೆಯುತ್ತಿತ್ತು. ಬೂದಿಯಲ್ಲಿ ಏನಿದೆ ಎಂದು ಒಂದೊಂದೇ ಧಾತುವನ್ನು ಪರೀಕ್ಷಿಸುತ್ತ ಹೋದ ಎ. ಜೆ. ಆಂಡರ್ಸನ್ 1942ರಲ್ಲಿ ಉತ್ತರ ಕೊಟ್ಟರು: ಮಾಲಿಬ್ಡಿನಂ. ನೈಟ್ರೋಜಿನೇಸ್ ಅದಿಲ್ಲದೆ ನಡೆಯುವುದಿಲ್ಲ. ಬೇಕಾದದ್ದು ಹೆಕ್ಟೇರಿಗೆ ಕೆಲವು ಹತ್ತು ಗ್ರಾಂ ಮಾತ್ರ. ಅಷ್ಟರಿಂದ ಪಾಳು ಎನಿಸಿದ್ದ ಹುಲ್ಲುಗಾವಲುಗಳು ಚಿಗುರಿದವು.

ಸುಣ್ಣದ ಕಥೆ ಇದರೊಂದಿಗೆ ಹೆಣೆದುಕೊಂಡಿದೆ. ಹುಳಿಮಣ್ಣಿನಲ್ಲಿ ಮಾಲಿಬ್ಡಿನಂ ಕಬ್ಬಿಣದ ಆಕ್ಸೈಡುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಸುಣ್ಣ ಹಾಕಿ ಹುಳಿ ಇಳಿಸಿದರೆ ಬಿಡುಗಡೆಯಾಗುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ, ಜೀವಾಣು ಬೇರನ್ನು ಹಿಡಿಯುವ ಮೊದಲ ಹಂತಕ್ಕೆ ಬೇಕಾದ ಕ್ಯಾಲ್ಸಿಯಂ ಸಾಲದಾಗುತ್ತದೆ. ಅಂದರೆ ಸುಣ್ಣ ಒಂದೇ ಏಟಿಗೆ ಮೂರು ಅಡ್ಡಿ ತೆಗೆಯುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಈ ಜಾತಿಯದು. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ಪಸೆಗೆ ಉದ್ದು, ಹೆಸರು, ಅಲಸಂದೆ ಬಿತ್ತುವ ದಕ್ಷಿಣ ಕನ್ನಡ, ಉಡುಪಿಯಲ್ಲಿ ಗಂಟಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಯೂರಿಯಾದ್ದಲ್ಲ, ಸುಣ್ಣದ್ದು. ಇಡೀ ಗದ್ದೆಗೆ ಸುಣ್ಣ ಹೊರುವುದು ಕಷ್ಟವಾದಲ್ಲಿ ಜೀವಾಣು ಹಚ್ಚಿದ ಬೀಜಕ್ಕೆ ನಯವಾದ ಸುಣ್ಣಕಲ್ಲಿನ ಪುಡಿ ಲೇಪಿಸುವ ಉಪಾಯವನ್ನು ಆಸ್ಟ್ರೇಲಿಯಾದವರು 1950ರ ದಶಕದಿಂದಲೇ ಬಳಸಿದ್ದಾರೆ. ಸುಟ್ಟ ಸುಣ್ಣ ಮಾತ್ರ ಬೀಜಕ್ಕೆ ಸಲ್ಲ. ಅದು ಜೀವಾಣುವನ್ನು ಕೊಲ್ಲುತ್ತದೆ.

ಸುಣ್ಣ ಹೆಚ್ಚಾದ ಮಣ್ಣಿನ ತೊಂದರೆ ಇದರ ಮಗ್ಗುಲು. ಸುಣ್ಣದ ಹರಳು ತುಂಬಿದ ಕಪ್ಪುಮಣ್ಣಿನಲ್ಲಿ ಶೇಂಗಾಕ್ಕೆ ಕಬ್ಬಿಣ ಸಿಗುವುದಿಲ್ಲ. ಲೆಗ್‌ಹಿಮೋಗ್ಲೋಬಿನ್ನಿಗೂ ನೈಟ್ರೋಜಿನೇಸಿಗೂ ಕಬ್ಬಿಣ ಬೇಕಾದ್ದರಿಂದ ಗಂಟು ಮೊಗ್ಗಿನಲ್ಲೇ ನಿಲ್ಲುತ್ತದೆ, ಎಲೆ ಹಳದಿಯಾಗುತ್ತದೆ, ಹಳದಿ ಕಂಡ ಕೂಡಲೇ ಯೂರಿಯಾ ಬೀಳುತ್ತದೆ. ಇಲ್ಲಿ ಒಂದು ಗುರುತು ನೆನಪಿಡಬೇಕು. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಕಡಿಮೆಯಾದರೆ ಕುಡಿಯ ಎಳೆಯ ಎಲೆ, ಅದೂ ನರಗಳು ಹಸಿರಾಗಿಯೇ ಉಳಿದು.

ಕೊಟ್ಟಿಗೆಗೊಬ್ಬರದ ಬಗ್ಗೆ ಒಳ್ಳೆಯ ಮಾತು ಬಹಳ ಕಡೆ ಕೇಳುತ್ತೇವೆ, ಬಹುಪಾಲು ಅದು ನಿಜ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾರಜನಕವನ್ನು ನಿಧಾನಕ್ಕೆ ಬಿಡುತ್ತದೆ, ರಂಜಕ ಮತ್ತು ಸೂಕ್ಷ್ಮ ಪೋಷಕಾಂಶ ಕೊಡುತ್ತದೆ, ಪಸೆ ಹಿಡಿಯುತ್ತದೆ. ಪಸೆ ಆರಿದರೆ ಗಂಟು ಎಲೆ ಬಾಡುವ ಮೊದಲೇ ದುಡಿಮೆ ನಿಲ್ಲಿಸುತ್ತದೆ. ಆದರೆ ಸಾವಯವ ಎಂದ ಮಾತ್ರಕ್ಕೆ ಗಂಟಿಗೆ ಹಿತ ಎನ್ನಲಾಗದು. ಹಸಿ ಕೋಳಿಗೊಬ್ಬರ ಬೇಗ ನೈಟ್ರೇಟಾಗಿ ಯೂರಿಯಾದಂತೆಯೇ ಗಂಟು ಕುಗ್ಗಿಸುತ್ತದೆ. ಜೋಳದ ದಂಟು, ಒಣಹುಲ್ಲು ಮಣ್ಣಿಗೆ ಸೇರಿದಾಗ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೇಟನ್ನು ತಾವು ಹಿಡಿದುಕೊಳ್ಳುತ್ತವೆ. ಜೋಳಕ್ಕೆ ಇದು ಕೆಡುಕು, ಪಕ್ಕದ ತೊಗರಿಗೆ ಗಂಟು ಕಟ್ಟುವ ಪ್ರೇರಣೆ. ಬಯೋಚಾರ್ ಎಂಬ ಇದ್ದಿಲುಗೊಬ್ಬರವೂ ಭಾಗಶಃ ಹೀಗೇ ಕೆಲಸ ಮಾಡುತ್ತದೆ. ಕೊಲಂಬಿಯಾದ ಹುಳಿಮಣ್ಣಿನಲ್ಲಿ ಬೀನ್ಸ್ ಬೆಳೆಸಿದ ರೊಂಡಾನ್ ಮತ್ತು ಸಂಗಡಿಗರ 2007ರ ಕುಂಡಪ್ರಯೋಗದಲ್ಲಿ ಗಾಳಿಯಿಂದ ಬಂದ ಸಾರಜನಕದ ಪಾಲು ಶೇ. 50ರಿಂದ 72ಕ್ಕೆ ಏರಿತು; ಬೋರಾನ್, ಮಾಲಿಬ್ಡಿನಂ ಹೆಚ್ಚು ಸಿಕ್ಕಿದ್ದೂ ಮಣ್ಣಿನ ಸಾರಜನಕ ಕಡಿಮೆ ಸಿಕ್ಕಿದ್ದೂ ಕಾರಣ. ಆದರೆ ಪಾಲು ಅಷ್ಟು ಏರಿದ ಅತಿ ಹೆಚ್ಚಿನ ಪ್ರಮಾಣದಲ್ಲಿ ಗಿಡದ ಬೆಳವಣಿಗೆ ಮಧ್ಯಮ ಪ್ರಮಾಣದಲ್ಲಿದ್ದಷ್ಟು ಇರಲಿಲ್ಲ. ಇದ್ದಿಲು ಮಾರುವವರು ಮೊದಲಿನ ಅಂಕಿಯನ್ನಷ್ಟೇ ಹೇಳುತ್ತಾರೆ.

ಮಣ್ಣಿನ ನೈಟ್ರೇಟ್ ಇಳಿಸಿ ದ್ವಿದಳವನ್ನು ದುಡಿಸುವ ಬಹಳ ಹಳೆಯ ವ್ಯವಸ್ಥೆ ನಮ್ಮಲ್ಲೇ ಇದೆ: ಅಕ್ಕಡಿ ಸಾಲು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ. ಏಕದಳದ ಜಾಲಬೇರು ನೈಟ್ರೇಟನ್ನು ಬೇಗ ಬಾಚಿಕೊಳ್ಳುತ್ತದೆ, ದ್ವಿದಳ ಗಾಳಿಯ ಕಡೆ ತಿರುಗಬೇಕಾಗುತ್ತದೆ. ಯುರೋಪಿನಲ್ಲಿ ಬಾರ್ಲಿ ಬಟಾಣಿಗಳ ಮಿಶ್ರಬೆಳೆಯಲ್ಲಿ ಸಾರಜನಕದ ಸಮಸ್ಥಾನಿ ಬಳಸಿ ಅಳೆದಾಗ ಕಂಡದ್ದೂ ಇದೇ. ರಾಗಿಗೆಂದು ಇಡೀ ಹೊಲಕ್ಕೆ ಯೂರಿಯಾ ಎರಚಿದ ಕೂಡಲೇ ಆ ವ್ಯವಸ್ಥೆಯ ತರ್ಕ ಮುರಿಯುತ್ತದೆ. ರಾಗಿಯ ಸಾಲಿಗೆ ಮಾತ್ರ ಕೊಟ್ಟರೆ ಬಹುಮಟ್ಟಿಗೆ ಉಳಿಯುತ್ತದೆ.

ಜೀವಾಣುಗೊಬ್ಬರದ ಬಗ್ಗೆ ಒಂದೆರಡು ಮಾತು. ತೊಗರಿ, ಶೇಂಗಾ, ಅಲಸಂದೆ, ಹುರುಳಿಗಳಿಗೆ ಒಗ್ಗುವ ಜೀವಾಣು ನಮ್ಮ ಮಣ್ಣಿನಲ್ಲಿ ಮೊದಲೇ ಇವೆ. ಪೊಟ್ಟಣದ ಜೀವಾಣು ಅವುಗಳೊಂದಿಗೆ ಪೈಪೋಟಿ ಮಾಡಬೇಕು. ಸೋಯಾ, ಕಡಲೆ ಹೊಸದಾಗಿ ಬಂದ ಹೊಲದಲ್ಲಿ ಅದರ ಗುಣ ಎದ್ದು ಕಾಣುತ್ತದೆ. ಬ್ರೆಜಿಲ್ ಇದನ್ನು ರಾಷ್ಟ್ರೀಯ ನೀತಿಯ ಮಟ್ಟಕ್ಕೆ ಒಯ್ದಿತು. ಅಲ್ಲಿನ ವಿಜ್ಞಾನಿ ಯೋಹಾನ್ನ ಡೋಬರೈನರ್ ಪಟ್ಟುಹಿಡಿದು ಸೋಯಾ ತಳಿಗಳನ್ನು ಸಾರಜನಕ ಗೊಬ್ಬರವಿಲ್ಲದೆ, ಜೀವಾಣುವಿನ ಜೊತೆಗೇ ಆಯ್ಕೆ ಮಾಡಿಸಿದರು. ಅದೇ ದಾರಿಯಲ್ಲಿ ದುಡಿದ ಮಾರಿಯಾಂಜೆಲಾ ಉಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು.

ಇಷ್ಟು ಓದಿದ ಮೇಲೆ ಪ್ರಯೋಗಗಳನ್ನು ನಂಬುವಾಗ ಪಾಲಿಸಬೇಕಾದ ಒಂದು ಎಚ್ಚರಿಕೆ ಹೇಳಲೇಬೇಕು. ಬಹಳಷ್ಟು ಪ್ರಬಂಧಗಳು ಗಂಟು ಎಣಿಸಿ ನಿಲ್ಲುತ್ತವೆ. ನೂರು ಪುಡಿಗಂಟಿಗಿಂತ ತಾಯಿಬೇರಿನ ಮೇಲಿನ ಹತ್ತು ದಪ್ಪ ಕೆಂಪು ಗಂಟು ಮೇಲು. ಎಣಿಕೆಗಿಂತ ತೂಕ, ತೂಕಕ್ಕಿಂತ ಗಾಳಿಯಿಂದ ಬಂದ ಸಾರಜನಕದ ನೇರ ಅಳತೆ ನಂಬಲರ್ಹ. ಜಂತುಹುಳು ಮಾಡುವ ಗಂಟನ್ನೂ ಇದರಲ್ಲಿ ಎಣಿಸುವವರಿದ್ದಾರೆ. ರೈಜೋಬಿಯಂ ಗಂಟು ಬೇರಿನ ಮಗ್ಗುಲಿಗೆ ಅಂಟಿದಂತಿದ್ದು ಬೆರಳಿಗೆ ಕಳಚಿ ಬರುತ್ತದೆ, ಜಂತುಹುಳುವಿನದು ಬೇರೇ ಊದಿಕೊಂಡದ್ದು.

2010ರಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳು ಪೋಷಕಾಂಶ ಆಧಾರಿತ ಸಹಾಯಧನಕ್ಕೆ ಬಂದವು, ಯೂರಿಯಾ ಹೊರಗುಳಿದು ನಿಗದಿತ ಅಗ್ಗದ ಬೆಲೆಯಲ್ಲೇ ಮಾರಾಟವಾಗುತ್ತಿದೆ. ರೈತ ಯಾವುದನ್ನು ಹೆಚ್ಚು ಎರಚುತ್ತಾನೆ ಎಂಬುದು ಅಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಹೀಗಿರುವಾಗ ಅವನನ್ನು ಅಜ್ಞಾನಿ ಎನ್ನುವುದು ಅನ್ಯಾಯ. 2015ರಿಂದ ಹಂಚುತ್ತಿರುವ ಮಣ್ಣು ಆರೋಗ್ಯ ಚೀಟಿ ಹನ್ನೆರಡು ಅಂಶಗಳನ್ನು ಅಳೆಯುತ್ತದೆ. ರಸಸಾರ, ಗಂಧಕ, ಕಬ್ಬಿಣ, ಸತು, ಬೋರಾನ್ ಅದರಲ್ಲಿವೆ, ಮಾಲಿಬ್ಡಿನಂ ಇಲ್ಲ. ಹುಳಿಮಣ್ಣಿನ ಜಿಲ್ಲೆಗಳಲ್ಲಾದರೂ ಅದನ್ನು ಸೇರಿಸಬೇಕು. ಅಲ್ಲಿಯವರೆಗೆ ಹೊಲದಲ್ಲೇ ಮಾಡಬಹುದಾದ ಪರೀಕ್ಷೆ ಇದೆ: ನಾಲ್ಕು ಸಾಲಿಗೆ ಯೂರಿಯಾ ಬಿಟ್ಟು ಸೂಪರ್ ಫಾಸ್ಫೇಟ್, ಮತ್ತೆ ನಾಲ್ಕಕ್ಕೆ ಅದರ ಮೇಲೆ ಸುಣ್ಣ, ಇನ್ನು ನಾಲ್ಕಕ್ಕೆ ಮಾಲಿಬ್ಡೇಟ್ ಲೇಪಿಸಿದ ಬೀಜ, ಉಳಿದದ್ದು ವಾಡಿಕೆಯಂತೆ. ಹೂವು ಬಿಡುವ ಹೊತ್ತಿಗೆ ಪ್ರತಿ ಪಟ್ಟಿಯಿಂದ ಕೆಲವು ಗಿಡಗಳನ್ನು ಎಳೆಯದೆ ಸನಿಕೆಯಿಂದ ಅಗೆದು, ಬೇರು ತೊಳೆದು, ಗಂಟು ಸೀಳಿ ಬಣ್ಣ ನೋಡಬೇಕು. ಒಕ್ಕಣೆಯಲ್ಲಿ ಪಟ್ಟಿಪಟ್ಟಿಯ ಕಾಳನ್ನು ಬೇರೆಬೇರೆ ತೂಗಬೇಕು.